ಬೀದಿ ದೀಪದಿಂದ ಶುರುವಾಗುವ ಗಸ್ತು

ಹೊಸ ಬೀಟ್‌ಗೆ, ಅಂದರೆ ಪೊಲೀಸನೊಬ್ಬನಿಗೆ ಗಸ್ತಿಗೆಂದು ಒಪ್ಪಿಸಿದ ಪ್ರದೇಶಕ್ಕೆ, ಹೋದಾಗ ಮೊದಲ ಕೆಲವು ವಾರ ಯಾರೂ ಕಳ್ಳತನದ ಮಾತೆತ್ತುವುದಿಲ್ಲ. ಬೀದಿ ದೀಪ ಉರಿಯುತ್ತಿಲ್ಲ, ಖಾಲಿ ನಿವೇಶನದಲ್ಲಿ ಆಳೆತ್ತರ ಪೊದೆ ಬೆಳೆದಿದೆ, ಎದುರುಮನೆಯವರು ನಮ್ಮ ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸುತ್ತಾರೆ, ಕತ್ತಲಾದರೆ ಉದ್ಯಾನದ ಕಲ್ಲುಬೆಂಚಿನ ಮೇಲೆ ಬಾಟಲಿ ತೆರೆಯುತ್ತಾರೆ. ದೂರುಗಳೆಲ್ಲ ಇಂಥವೇ. ‘ಇದು ನಮ್ಮ ಕೆಲಸವಲ್ಲ, ನಗರಸಭೆಗೆ ಹೇಳಿ’ ಎಂದು ಕೈತೊಳೆದುಕೊಳ್ಳುವುದು ಸುಲಭ. ಹಾಗೆ ಹೇಳಿದ ಪೊಲೀಸನ ಮುಂದೆ ಆ ಬೀದಿ ಮತ್ತೆ ಬಾಯಿ ಬಿಡುವುದಿಲ್ಲ.

ನಾನು ಹೆಡ್ ಕಾನ್‌ಸ್ಟೇಬಲ್. ಜಿಲ್ಲಾ ಕೇಂದ್ರವೊಂದರ ಅಂಚಿನ ಬಡಾವಣೆ ನನ್ನ ಬೀಟ್. ಹಿಂದೆ ಗಸ್ತು ಎಂದರೆ ರಾತ್ರಿ ಪಾಳಿಯವರು ಒಂದು ಸುತ್ತು ಹಾಕಿ, ಗೊತ್ತುಪಡಿಸಿದ ಜಾಗದಲ್ಲಿ ತೂಗುಹಾಕಿದ ಪಾಯಿಂಟ್ ಪುಸ್ತಕಕ್ಕೆ ಸಹಿ ಮಾಡಿ ಬರುವುದು. ಇವತ್ತು ಒಬ್ಬ, ನಾಳೆ ಇನ್ನೊಬ್ಬ. ಕರ್ನಾಟಕದಲ್ಲಿ 2017ರಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದ ಮೇಲೆ ಇಂಥ ಪ್ರದೇಶಕ್ಕೆ ಇಂಥವನೇ ಹೊಣೆ ಎಂದಾಯಿತು. ಅಲ್ಲಿನ ನಾಗರಿಕರನ್ನೂ ಬೀಟ್ ಸದಸ್ಯರೆಂದು ಸೇರಿಸಿಕೊಂಡೆವು. ಈಗ ಪುಸ್ತಕದ ಬದಲು ಕೆಲವು ಕಡೆ ಗೋಡೆಯ ಮೇಲೆ ಕ್ಯೂಆರ್ ಕೋಡ್ ಇದೆ, ಮೊಬೈಲ್ ಹಿಡಿದರೆ ಹಾಜರಾತಿ ಬೀಳುತ್ತದೆ. ಪೊಲೀಸ ಆ ಗೋಡೆಯ ಬಳಿ ಹೋಗಿದ್ದ ಎಂಬುದಷ್ಟೇ ಅದರಿಂದ ಸಾಬೀತಾಗುತ್ತದೆ ಎನ್ನುವುದು ಬೇರೆ ಮಾತು. 2025ರ ಜುಲೈನಲ್ಲಿ ಶುರುವಾದ ‘ಮನೆ ಮನೆಗೆ ಪೊಲೀಸ್’ ಅದೇ ದಾರಿಯ ಮುಂದಿನ ಹೆಜ್ಜೆ. ಜನ ಠಾಣೆಗೆ ಬರುವ ತನಕ ಕಾಯದೆ ನಾವೇ ಬಾಗಿಲಿಗೆ ಹೋಗಬೇಕು.

ಆದೇಶದ ಕಾಗದದಲ್ಲಿ ಎಲ್ಲವೂ ಸಲೀಸು. ಖಾಕಿ ಹಾಕಿಕೊಂಡು ಬಾಗಿಲು ತಟ್ಟಿದಾಗ ಮನೆಯವರ ಮುಖದ ಮೇಲೆ ಮೂಡುವ ಮೊದಲ ಚಿಂತೆ, ಅಕ್ಕಪಕ್ಕದವರು ಏನೆಂದುಕೊಂಡಾರು ಎನ್ನುವುದು. ಆದ್ದರಿಂದ ನಾನು ಒಂದು ಮನೆಗೆ ಮಾತ್ರ ಹೋಗುವುದೇ ಇಲ್ಲ. ಬೀದಿಗೆ ಕಾಲಿಟ್ಟರೆ ಈ ತುದಿಯಿಂದ ಆ ತುದಿಯವರೆಗೆ ಪ್ರತಿ ಗೇಟಿನ ಮುಂದೆಯೂ ನಿಲ್ಲುತ್ತೇನೆ. ಇದರಲ್ಲಿ ಸೌಜನ್ಯಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಮುಂದೊಂದು ದಿನ ಯಾರಾದರೂ ನನಗೆ ಗುಟ್ಟಿನ ವಿಷಯ ಹೇಳಿದರೆ, ಯಾರು ಹೇಳಿದರೆಂದು ಬೀದಿಗೆ ಗೊತ್ತಾಗಬಾರದು. ಎಲ್ಲ ಮನೆಗೂ ಹೋಗುವವನ ಮೇಲೆ ಯಾರ ಕಣ್ಣೂ ಬೀಳುವುದಿಲ್ಲ.

ದೀಪದ ವಿಷಯಕ್ಕೆ ಬರುತ್ತೇನೆ. ಉದ್ಯಾನದ ಮೂಲೆಯಲ್ಲಿ ಸಾಲಾಗಿ ದೀಪಗಳು ಸತ್ತಿದ್ದವು. ಕಂಬಗಳ ಸಂಖ್ಯೆ ಬರೆದುಕೊಂಡು, ಆ ಭಾಗದಲ್ಲಿ ದಾಖಲಾಗಿದ್ದ ಪ್ರಕರಣಗಳನ್ನೂ ಸೇರಿಸಿ, ಇನ್‌ಸ್ಪೆಕ್ಟರ್ ಸಹಿಯಲ್ಲಿ ಪತ್ರ ಕಳುಹಿಸಿದೆವು. ಬರಿಯ ‘ದೀಪ ಹಾಕಿ’ ಎಂಬ ಅರ್ಜಿಗಿಂತ ‘ಈ ಕಂಬದ ಕೆಳಗೆ ಇಂಥ ಅಪರಾಧವಾಗಿದೆ’ ಎಂಬ ಪತ್ರಕ್ಕೆ ಕಚೇರಿಗಳಲ್ಲಿ ಕಾಲು ಬೇಗ ಬರುತ್ತದೆ. ಹೇಳಿಕೊಳ್ಳುವಷ್ಟು ಬೇಗವೇನೂ ಅಲ್ಲ. ನಡುವೆ ಎರಡು ನೆನಪೋಲೆ, ಅಲೆದಾಟ ಎಲ್ಲ ಆಯಿತು. ಕೊನೆಗೆ ದೀಪ ಹೊತ್ತಿದ ವಾರವೇ, ಅಲ್ಲಿಯವರೆಗೆ ನನ್ನನ್ನು ಕಂಡರೆ ಒಳಗೆ ಹೋಗುತ್ತಿದ್ದ ನಿವೃತ್ತ ಶಿಕ್ಷಕಿಯೊಬ್ಬರು ಗೇಟಿನ ಬಳಿ ನಿಲ್ಲಿಸಿ, ಬೆಳಿಗ್ಗೆ ರಂಗೋಲಿ ಹಾಕುವ ಹೊತ್ತಿಗೆ ನಂಬರ್ ಪ್ಲೇಟಿಗೆ ಕೆಸರು ಬಳಿದ ಬೈಕೊಂದು ಸುತ್ತುತ್ತಿದೆ ಎಂದರು. ಇಬ್ಬರು ಹುಡುಗರು, ಹಿಂದೆ ಕುಳಿತವನಿಗೆ ಹೆಲ್ಮೆಟ್ ಇಲ್ಲ. ಶಿಕ್ಷಕಿ ಅದನ್ನು ಎಷ್ಟೋ ದಿನದಿಂದ ನೋಡುತ್ತಿದ್ದರು.

ಸರಗಳ್ಳರ ಪದ್ಧತಿ ಬಲ್ಲವರಿಗೆ ಇದು ಸಣ್ಣ ವಿಷಯವಲ್ಲ. ಹೆಂಗಸರು ಬಗ್ಗಿ ರಂಗೋಲಿ ಇಡುವ ಹೊತ್ತು, ರಸ್ತೆಯಲ್ಲಿ ಜನ ಕಡಿಮೆ, ಕತ್ತಿನ ಸರ ಮುಂದಕ್ಕೆ ಜೋತಿರುತ್ತದೆ. ಒಬ್ಬ ವಿಳಾಸ ಕೇಳುತ್ತಾನೆ, ಇನ್ನೊಬ್ಬ ಎಂಜಿನ್ ಆರಿಸದೆ ಕಾಯುತ್ತಾನೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೀಗೆ ಕಿತ್ತುಕೊಂಡು ಓಡುವುದಕ್ಕೆಂದೇ 304ನೇ ಕಲಂ ಇದೆ. ಹಳೆಯ ದಂಡ ಸಂಹಿತೆಯಲ್ಲಿ ಅದು ಪ್ರತ್ಯೇಕ ಅಪರಾಧವಾಗಿರಲಿಲ್ಲ. ರಂಗೋಲಿಯ ಹೊತ್ತಿಗೆ ನಮ್ಮ ಗಸ್ತು ಬೈಕನ್ನು ಶಿಕ್ಷಕಿಯ ಬೀದಿಗೆ ಹಾಕಿದೆವು. ಆ ಹುಡುಗರು ಪಕ್ಕದ ಅಡ್ಡರಸ್ತೆಗೆ ಹೋಗಿ ಅಲ್ಲೊಂದು ಸರ ಕಿತ್ತರು. ಗಸ್ತಿನಿಂದ ಕಳ್ಳತನ ಜಾಗ ಬದಲಿಸುವುದೂ ಉಂಟು.

ಆಗ ಬೇಕಾದದ್ದು ಕ್ಯಾಮೆರಾ ದೃಶ್ಯ. ಬಡಾವಣೆಯಲ್ಲಿ ಕ್ಯಾಮೆರಾಗಳಿಗೇನೂ ಕೊರತೆಯಿಲ್ಲ. ಆದರೆ ಹತ್ತರಲ್ಲಿ ಎಂಟು ಕ್ಯಾಮೆರಾ ಮನೆಯ ಯಜಮಾನರ ಕಾರನ್ನೇ ಕಾಯುತ್ತಿರುತ್ತವೆ. ನಾನು ಬೀಟ್ ಸಭೆಯಲ್ಲಿ ಕೇಳುವುದು ಇಷ್ಟೇ: ಇರುವ ಕ್ಯಾಮೆರಾಗಳಲ್ಲಿ ಒಂದನ್ನು ರಸ್ತೆಯ ಕಡೆ ತಿರುಗಿಸಿ, ವಾಹನದ ನಂಬರ್ ಕಾಣುವಷ್ಟು ತಗ್ಗಿಸಿ ಇಡಿ. ಮಾಳಿಗೆಯ ಎತ್ತರದ ಕ್ಯಾಮೆರಾದಲ್ಲಿ ಕಾಣುವುದು ಹೆಲ್ಮೆಟ್ಟಿನ ನೆತ್ತಿ ಮಾತ್ರ. ಎದುರುಮನೆಯ ಕಿಟಕಿ, ಮಲಗುವ ಕೋಣೆ ಬೀಳದಂತೆ ನೋಡಿಕೊಳ್ಳಿ; ಇಲ್ಲದಿದ್ದರೆ ಅದೇ ಇನ್ನೊಂದು ದೂರಾಗುತ್ತದೆ.

ದೃಶ್ಯ ಸಿಕ್ಕರೆ ಮುಗಿಯಲಿಲ್ಲ. ಕ್ಯಾಮೆರಾ ದೃಶ್ಯ ದಾಖಲಿಸಿಡುವ ಪೆಟ್ಟಿಗೆಯಾದ ಡಿವಿಆರ್‌ನ ಗಡಿಯಾರ ಸರಿ ಸಮಯ ತೋರಿಸುವುದು ಅಪರೂಪ. ವಿದ್ಯುತ್ ಹೋಗಿ ಬಂದಾಗ, ಒಳಗಿನ ಸಣ್ಣ ಬ್ಯಾಟರಿ ಸತ್ತಿದ್ದರೆ, ಅದು ಹಳೆಯ ಯಾವುದೋ ದಿನಾಂಕಕ್ಕೆ ಹೋಗಿ ನಿಲ್ಲುತ್ತದೆ. ಒಂದು ಮನೆಯ ದೃಶ್ಯದಲ್ಲಿ ಬೈಕು ಹೋದದ್ದು ನಸುಕಿನಲ್ಲಿ, ಮುಂದಿನ ಮನೆಯದರಲ್ಲಿ ನಡುಮಧ್ಯಾಹ್ನ. ಬಿಸಿಲು ನೋಡಿದರೆ ಎರಡೂ ಒಂದೇ ಹೊತ್ತು. ಆದ್ದರಿಂದ ಪ್ರತಿ ಮನೆಯಲ್ಲೂ ಮೊದಲು ಡಿವಿಆರ್ ಪರದೆಯ ಪಕ್ಕ ನನ್ನ ಮೊಬೈಲ್ ಗಡಿಯಾರ ಹಿಡಿದು ಎರಡೂ ಕಾಣುವಂತೆ ಒಂದು ಚಿತ್ರ ತೆಗೆಸುತ್ತೇನೆ. ವ್ಯತ್ಯಾಸ ಎಷ್ಟೆಂದು ಪಂಚನಾಮೆಯಲ್ಲಿ ಬರೆಸುತ್ತೇನೆ. ಈ ಒಂದು ಚಿತ್ರವಿಲ್ಲದೆ ಮನೆಯಿಂದ ಮನೆಗೆ ದಾರಿ ಕೂಡಿಸಲು ಆಗುವುದಿಲ್ಲ, ನ್ಯಾಯಾಲಯದಲ್ಲಿ ವಕೀಲರು ಮೊದಲು ಹಿಡಿಯುವುದೂ ಇದನ್ನೇ. ತಡ ಮಾಡುವಂತೆಯೂ ಇಲ್ಲ. ಡಿಸ್ಕ್ ತುಂಬಿದರೆ ಹಳೆಯ ದೃಶ್ಯದ ಮೇಲೆ ಹೊಸದು ಬರುತ್ತದೆ.

ದೃಶ್ಯ ಕೊಡಲು ಜನ ಹಿಂದೇಟು ಹಾಕುವುದು ನಮ್ಮ ಮೇಲಿನ ದ್ವೇಷದಿಂದಲ್ಲ, ಕೋರ್ಟಿಗೆ ಅಲೆಯಬೇಕಾದೀತು ಎಂಬ ಭಯದಿಂದ. ಇಲ್ಲಿ ಸುಳ್ಳು ಭರವಸೆ ಕೊಡಬಾರದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಬೇಕು, ಉಪಕರಣ ಯಾರ ವಶದಲ್ಲಿದೆಯೋ ಅವರು ಸಹಿ ಹಾಕಬೇಕು, ಕರೆ ಬಂದರೆ ಸಾಕ್ಷಿ ಹೇಳಬೇಕು. ಇದನ್ನು ಮೊದಲೇ ಬಿಚ್ಚಿ ಹೇಳುತ್ತೇನೆ. ಆಶ್ಚರ್ಯವೆಂದರೆ, ನೇರವಾಗಿ ಹೇಳಿದಾಗ ಒಪ್ಪುವವರೇ ಹೆಚ್ಚು. ಶಿಕ್ಷಕಿಗೆ ಮಾತ್ರ ಇನ್ನೊಂದು ಮಾತು ಹೇಳಬೇಕಾಯಿತು: ಮಹಿಳೆಯರನ್ನಾಗಲಿ 60 ಮೀರಿದ ಪುರುಷರನ್ನಾಗಲಿ ಹೇಳಿಕೆಗಾಗಿ ಠಾಣೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ, ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ ತನಿಖಾಧಿಕಾರಿಯೇ ಮನೆಗೆ ಬರಬೇಕು. ‘ಹಾಗಾದರೆ ಬರಲಿ, ಕಾಫಿ ಕೊಡುತ್ತೇನೆ’ ಎಂದರು.

ವಾಟ್ಸ್‌ಆ್ಯಪ್ ಗುಂಪುಗಳ ಬಗ್ಗೆ ನನಗೆ ಅಷ್ಟು ಮೋಹವಿಲ್ಲ. ಬೀಟ್ ಗುಂಪು ಇದೆ, ಉಪಯೋಗವೂ ಇದೆ. ಆದರೆ ಅದರಲ್ಲಿ ಹರಿದಾಡುವುದರಲ್ಲಿ ಅರ್ಧ ಶುಭೋದಯ, ಕಾಲು ಭಾಗ ಗುಮಾನಿ. ‘ಅನುಮಾನಾಸ್ಪದ ವ್ಯಕ್ತಿ’ ಎಂದು ಹಾಕಿದ ಫೋಟೊದಲ್ಲಿ ಹೆಚ್ಚಾಗಿ ಇರುವವನು ಹಳೆಯ ಪೇಪರ್ ಕೊಳ್ಳುವವನೋ, ಬಟ್ಟೆ ಮಾರುವ ಹೊರರಾಜ್ಯದವನೋ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಸಂದೇಶ ನಂಬಿ ಜನ ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟಾಯಿತು. ಆದ್ದರಿಂದ ನನ್ನ ಗುಂಪಿನಲ್ಲಿ ಮುಖದ ಫೋಟೊ ಹಾಕುವಂತಿಲ್ಲ. ಕಂಡದ್ದನ್ನು ನನಗೊಬ್ಬನಿಗೆ ಕಳುಹಿಸಬೇಕು, ತುರ್ತಿದ್ದರೆ 112ಕ್ಕೆ ಕರೆ ಮಾಡಬೇಕು. ಏನು ಮಾಡುತ್ತಿದ್ದ ಎಂದು ಬರೆಯಿರಿ, ಹೇಗೆ ಕಾಣುತ್ತಿದ್ದ ಎಂಬುದು ಆಮೇಲೆ ಎನ್ನುತ್ತೇನೆ. ಈ ಕಟ್ಟುಪಾಡು ಇಷ್ಟವಾಗದೆ ಗುಂಪು ಬಿಟ್ಟು ಹೋದವರೂ ಇದ್ದಾರೆ.

ಬೀಗ ಹಾಕಿದ ಮನೆಗಳದ್ದು ನಿಜಕ್ಕೂ ಫಲ ಕೊಡುವ ಕೆಲಸ. ಊರಿಗೆ ಹೋಗುವವರು ತಿಳಿಸಿದರೆ ಆ ಮನೆಯನ್ನು ರಾತ್ರಿ ಗಸ್ತಿನ ಪಟ್ಟಿಗೆ ಸೇರಿಸುತ್ತೇವೆ. ಕಳ್ಳ ನೋಡುವುದು ಬೀಗಕ್ಕಿಂತ ಮೊದಲು ಹೊಸ್ತಿಲನ್ನು. ಮಸುಕಾದ ರಂಗೋಲಿ, ಗೇಟಿಗೆ ಸಿಕ್ಕಿಸಿದ ಎರಡು ದಿನದ ಪತ್ರಿಕೆ, ಹಗಲಲ್ಲೂ ಉರಿಯುವ ಮುಂಬಾಗಿಲ ದೀಪ ಸಾಕು. ಪಕ್ಕದ ಮನೆಯವರು ಇವರ ಹೊಸ್ತಿಲಿಗೂ ಎರಡೆಳೆ ರಂಗೋಲಿ ಎಳೆದರೆ ನಮ್ಮ ಅರ್ಧ ಗಸ್ತು ಮುಗಿದಂತೆ. ಕೀಲಿಯನ್ನು ಚಪ್ಪಲಿ ಗೂಡಿನಲ್ಲಿ ಇಡುವವರಿಗೆ ಮಾತ್ರ ಏನು ಹೇಳಿದರೂ ನಾಟುವುದಿಲ್ಲ.

ಇದೆಲ್ಲ ಕೆಡುವುದು ಬಂದೋಬಸ್ತ್ ಮತ್ತು ವರ್ಗಾವಣೆಯಿಂದ. ಜಾತ್ರೆ, ಚುನಾವಣೆ, ಗಣ್ಯರ ಭೇಟಿ ಬಂದರೆ ಬೀಟ್ ವಾರಗಟ್ಟಲೆ ಖಾಲಿ. ವರ್ಗಾವಣೆಯಾದಾಗ ಬೀಟ್ ಪುಸ್ತಕ ಹಸ್ತಾಂತರಿಸುತ್ತೇವೆ: ಒಂಟಿ ವೃದ್ಧರ ಮನೆಗಳು, ರೌಡಿ ಪಟ್ಟಿಯವರ ವಿಳಾಸ, ಯಾವ ಕ್ಯಾಮೆರಾ ಎತ್ತ ನೋಡುತ್ತದೆ, ಯಾವ ಗಡಿಯಾರ ಎಷ್ಟು ತಪ್ಪು. ಗುಟ್ಟಾಗಿ ಮಾಹಿತಿ ಕೊಡುವವರ ಹೆಸರನ್ನು ನಾನು ಅದರಲ್ಲಿ ಬರೆಯುವುದಿಲ್ಲ. ಹೋಗುವ ಮೊದಲು ಒಬ್ಬೊಬ್ಬರನ್ನೂ ಕೇಳುತ್ತೇನೆ. ಒಪ್ಪಿದರೆ ಹೊಸಬರನ್ನು ಕರೆದುಕೊಂಡು ಹೋಗಿ ಪರಿಚಯಿಸುತ್ತೇನೆ. ಬೇಡವೆಂದರೆ ಅವರ ಸಂಪರ್ಕ ನನ್ನೊಂದಿಗೇ ಮುಗಿಯುತ್ತದೆ.