ಥರ್ಮಾಮೀಟರ್ ಹಿಡಿದು ಕಾಳಿಗಂಡಕಿ ಇಳಿದದ್ದು

ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ‘ಮಳೆ ನೆರಳಿನ ಪ್ರದೇಶ’, ಅಂದರೆ ಬೆಟ್ಟ ಮೋಡಗಳನ್ನು ತಡೆಯುವುದರಿಂದ ಮಳೆ ಕಮ್ಮಿಯಾಗುವ ಆಚೆ ಮಗ್ಗುಲು, ಬಂದಾಗೆಲ್ಲ ಬೋರ್ಡ್ ಮೇಲೆ ಆಗುಂಬೆ, ಚಿತ್ರದುರ್ಗ ಅಂತ ಬರೆದು ಮುಗಿಸುತ್ತಿದ್ದೆ. ಇದರ ದೊಡ್ಡಣ್ಣ ಇರುವುದು ನೇಪಾಳದಲ್ಲಿ. ಪೋಖರಾ ಹತ್ತಿರದ ಲುಮ್ಲೆಯಲ್ಲಿ ವರ್ಷಕ್ಕೆ 5,000 ಮಿ.ಮೀ.ಗಿಂತ ಜಾಸ್ತಿ ಮಳೆ. ಅಲ್ಲಿಂದ ನೇರ ಗೆರೆ ಎಳೆದರೆ 60 ಕಿ.ಮೀ. ಕೂಡ ದೂರವಿಲ್ಲದ ಜೋಮ್ಸೋಮ್‌ನಲ್ಲಿ 300 ಮಿ.ಮೀ. ಆಸುಪಾಸು. ನಡುವೆ ಅನ್ನಪೂರ್ಣ ಸಾಲು ಅಡ್ಡ ನಿಂತಿದೆ. ನಡೆದೇ ನೋಡೋಣ ಅಂತ ಒಂದು ದಸರಾ ರಜೆಯಲ್ಲಿ ಹೊರಟೆ. ‘ಗಂಡಕಿಗೆ ಹೋಗ್ತಿದ್ದೀಯ, ಒಂದು ಸಾಲಿಗ್ರಾಮ ತಾ’ ಅಂದರು ಅಮ್ಮ.

ಮೇಲೆ ಮುಕ್ತಿನಾಥದವರೆಗೆ ಜೀಪು, ಅಲ್ಲಿಂದ ಕೆಳಕ್ಕೆ ಕಾಳಿಗಂಡಕಿ ನದಿಯ ಕಣಿವೆ ಹಿಡಿದು ತಾತೋಪಾನಿವರೆಗೆ ಕಾಲ್ನಡಿಗೆ. ಪೋಖರಾದ ಎತ್ತರ 800 ಮೀಟರ್ ಚಿಲ್ಲರೆ, ಮುಕ್ತಿನಾಥದ್ದು 3,700 ದಾಟುತ್ತದೆ. ಒಂದೇ ದಿನ ಏರಿದರೆ ತಲೆನೋವು ಗ್ಯಾರಂಟಿ. ಅದಕ್ಕೇ ಜೋಮ್ಸೋಮ್‌ನಲ್ಲಿ ಎರಡು ರಾತ್ರಿ ತಂಗಿದೆ.

ಎತ್ತರ ಅಳೆಯಲು ಮೊಬೈಲ್ ಸಾಕು, ನಿಜ. ಆದರೆ ಮಕ್ಕಳಿಗೆ ತೋರಿಸಲು ನನಗೆ ಹಳೆಯ ಉಪಾಯವೇ ಬೇಕಿತ್ತು. ಸುಮಾರು 300 ಮೀಟರ್ ಏರಿದರೆ ನೀರು ಕುದಿಯುವ ಬಿಂದು ಒಂದು ಡಿಗ್ರಿ ಇಳಿಯುತ್ತದೆ. ಪಾದರಸದ್ದನ್ನು ವಿಮಾನದಲ್ಲಿ ಬಿಡುವುದಿಲ್ಲ, ಹಾಗಾಗಿ ಲ್ಯಾಬಿನ ಕೆಂಪು ದ್ರವದ ಥರ್ಮಾಮೀಟರ್ ಒಯ್ದೆ. ಹೊರಡುವ ಮುಂಚೆ ಮನೆಯಲ್ಲೇ ನೀರು ಕುದಿಸಿ ಅದರ ತಪ್ಪು ಎಷ್ಟು ಅಂತ ಗುರುತು ಹಾಕಿಕೊಂಡಿದ್ದೆ.

ಮುಕ್ತಿನಾಥ ದೇವಸ್ಥಾನದ 108 ನೀರಿನ ಧಾರೆಗಳ ಕೆಳಗೆ ಓಡಿ, ನಡುಗುತ್ತಾ ಹೋಟೆಲ್ಲಿಗೆ ಬಂದು ಕುದಿಯಲು ನೀರು ಇಡಿಸಿದೆ. 88.5 ತೋರಿಸಿತು. ಲೆಕ್ಕ ಹಾಕಿದರೆ 3,450 ಮೀಟರ್! ಥರ್ಮಾಮೀಟರಿನ ಬುರುಡೆ ಪಾತ್ರೆಯ ತಳಕ್ಕೆ ತಾಗಿತ್ತು. ಮಕ್ಕಳಿಗೆ ದಿನಾ ಬೈಯುವ ತಪ್ಪು, ನಾನೇ ಮಾಡಿದ್ದೆ. ಎತ್ತಿ ಹಿಡಿದಾಗ 87.5. ಈಗ 3,750, ಸರಿಹೋಯಿತು. ಅಲ್ಲಿ ಕುಕ್ಕರ್ ಇಲ್ಲದೆ ಬೇಳೆ ಬೇಯಿಸುವುದು ಎಷ್ಟು ಕಷ್ಟ ಅಂತ ಅಡುಗೆಯ ದಿದಿ ವಿವರಿಸಿದರು. ನನ್ನ ಪಾಠಕ್ಕಿಂತ ಅದೇ ಚೆನ್ನಾಗಿತ್ತು.

ನೋಟ್‌ಬುಕ್ಕಿನಲ್ಲಿ ಎರಡು ಕಾಲಂ: ಡಿಗ್ರಿ ಎಷ್ಟು, ಸುತ್ತ ಏನು ಬೆಳೆದಿದೆ. ಕಾಗ್ಬೇನಿಯಲ್ಲಿ ಕಂದು ಗುಡ್ಡ, ಮುಳ್ಳುಪೊದೆ. ನೀರು ಹಾಯಿಸಿದಷ್ಟು ಜಾಗ ಮಾತ್ರ ಹಸಿರು. ಮನೆಗಳಿಗೆ ಚಪ್ಪಟೆ ಮಣ್ಣಿನ ಮಾಳಿಗೆ. ಸುರಿಯುವ ಮಳೆಯೇ ಇಲ್ಲದ ಮೇಲೆ ಇಳಿಜಾರು ಯಾಕೆ, ಅಲ್ವಾ? ಮಾರ್ಫಾದಲ್ಲಿ ಸೇಬಿನ ತೋಟಗಳು. ಅಲ್ಲಿಂದ ಮುಂದೆ ಪೈನ್ ಕಾಡು ಶುರು.

ಅಲ್ಲಿ ನಡೆಯುವವರು ಬೆಳಿಗ್ಗೆ ಆರಕ್ಕೇ ಹೊರಡಿ. ನಾನು ಕಾಗ್ಬೇನಿಯಲ್ಲಿ ಸುಮ್ನೆ ಚಹಾ ಕುಡಿಯುತ್ತಾ ಕೂತು ಹತ್ತು ಗಂಟೆ ಮಾಡಿದೆ. ಬಿಸಿಲೇರಿದಂತೆ ಕಣಿವೆಯ ಮೇಲ್ಭಾಗದ ಮುಸ್ತಾಂಗ್ ಪ್ರದೇಶದ ಒಣ ನೆಲ ಕಾಯುತ್ತದೆ, ಗಾಳಿ ಮೇಲೇಳುತ್ತದೆ, ಕೆಳಗಿನ ಗಾಳಿ ಕಣಿವೆಯೊಳಗಿಂದ ನುಗ್ಗುತ್ತದೆ. ಇಳಿಯುವವರ ಮುಖಕ್ಕೇ ಹೊಡೆತ. ಹಲ್ಲಲ್ಲೆಲ್ಲ ಮರಳು. ಜೋಮ್ಸೋಮ್ ವಿಮಾನಗಳು ಬೆಳಿಗ್ಗೆಯೇ ಹಾರಿ ಮುಗಿಸುವುದೂ ಇದೇ ಗಾಳಿಗೆ ಹೆದರಿ.

ನದಿ ಪಾತ್ರದಲ್ಲಿ ಸಾಲಿಗ್ರಾಮ ಹುಡುಕಿದೆ, ಸಿಗಲಿಲ್ಲ. ಮಾರಲು ಇಟ್ಟಿದ್ದವರು ಒಂದನ್ನು ಕೈಗೆ ಕೊಟ್ಟರು. ಒಳಗಿನ ಚಕ್ರ ಅಮೋನೈಟ್ ಅನ್ನುವ ಕಡಲಜೀವಿಯ ಗುರುತು. ಹಿಮಾಲಯ ಏಳುವ ಮುಂಚೆ ಅಲ್ಲಿ ಟೆಥಿಸ್ ಸಮುದ್ರವಿತ್ತು. ಬಲಕ್ಕೆ 8,167 ಮೀಟರಿನ ಧವಳಗಿರಿ, ಎಡಕ್ಕೆ 8,091ರ ಅನ್ನಪೂರ್ಣ, ನಡುವೆ 2,500 ಮೀಟರಿನಲ್ಲಿ ಹರಿಯುವ ನದಿ. ಬೆಟ್ಟಕ್ಕಿಂತ ನದಿಯೇ ಹಳೆಯದು. ಬೆಟ್ಟ ಎದ್ದಂತೆಲ್ಲ ಅದು ಕೊರೆಯುತ್ತಾ ಹೋಯಿತು. ಇದನ್ನು ವರ್ಷಗಟ್ಟಲೆ ಪಾಠ ಮಾಡಿದ್ದೆ. ಕತ್ತೆತ್ತಿ ನೋಡಿದಾಗಲೇ ನನಗೂ ಅರ್ಥವಾದದ್ದು.

ಘಾಸಾ ದಾಟಿದ ಮೇಲೆ ಎಲ್ಲ ಬದಲಾಯಿತು. ಬಿದಿರು, ಜಲಪಾತ, ಜಿಗಣೆ, ಇಳಿಜಾರು ಮಾಡು. ತಾತೋಪಾನಿಯಲ್ಲಿ ಬಾಳೆ, ಕಿತ್ತಳೆ! ನೀರು ಕುದಿಸಿದೆ: 96. ಅಂದರೆ 1,200 ಮೀಟರ್. ಊರಿನ ಎತ್ತರ 1,190. ಇಷ್ಟು ಸರಿಯಾಗಿ ಬಂದದ್ದು ಅದೃಷ್ಟ, ಅರ್ಧ ಡಿಗ್ರಿ ತಪ್ಪಿದ್ದರೆ 150 ಮೀಟರ್ ಎಡವಟ್ಟು. ನಾನು ಬರೆದುಕೊಳ್ಳುತ್ತಿದ್ದಾಗ ಅಲ್ಲಿನ ದಿದಿ ಕೇಳಿದರು: ‘ಇಷ್ಟು ಹೊತ್ತು ಕುದಿಸಿದ್ದೀರಲ್ಲ, ಚಹಾಪುಡಿ ಹಾಕಲಾ?’