ಮೆಕ್ಕೆಜೋಳ ಒಕ್ಕುವಾಗ ಟ್ರ್ಯಾಕ್ಟರ್ ಹೀಟ್ ಆಗ್ತಿದ್ದಿದ್ದು ಹೀಗೆ ಸರಿಹೋಯ್ತು

ನಮ್ಮ ಹಾವೇರಿ ಕಡೆ ಮೆಕ್ಕೆಜೋಳದ ಮಷಿನ್‌ಗೆ ಟ್ರ್ಯಾಕ್ಟರ್ ಕಟ್ಟಿದ್ರೆ ಸ್ವಲ್ಪ ಹೊತ್ತಲ್ಲೇ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗ್ತಿತ್ತು, ಹೊಗೆನೂ ಕಪ್ಪು. ಕೂಲೆಂಟ್ ಸರಿ ಇತ್ತು, ಫ್ಯಾನ್ ಬೆಲ್ಟೂ ಬಿಗಿ. ಮುಂದಿನ ಜಾಳಿ ಬಿಚ್ಚಿ ನೋಡಿದ್ರೆ ರೇಡಿಯೇಟರ್ ತುಂಬ ಹೊಟ್ಟು, ಧೂಳು, ಆಯಿಲ್ ಜಿಡ್ಡು ಸೇರಿ ಕಂಬಳಿ ಹೊದಿಸಿದಂಗೆ ಕೂತಿತ್ತು, ಗಾಳಿ ಆಡೋಕೆ ಜಾಗಾನೇ ಇಲ್ಲ. ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ ಫ್ಯಾನ್ ಕಡೆಯಿಂದ ಹೊರಗಡೆಗೆ ಗಾಳಿ ಹೊಡೆದೆ, ಪ್ರೆಶರ್ ಕಮ್ಮಿ ಇಟ್ಟೇ ಹೊಡೀಬೇಕು ಇಲ್ಲಾಂದ್ರೆ ರೇಡಿಯೇಟರ್‌ನ ಫಿನ್ (ತೆಳು ತಗಡಿನ ಪಟ್ಟಿಗಳು) ಮಡಚ್ಕೊಂಡ್ಬಿಡ್ತಾವೆ. ಕಪ್ಪು ಹೊಗೆಗೆ ಅಂತ, ಇಂಜಿನ್‌ಗೆ ಹೋಗೋ ಗಾಳಿ ಸೋಸೋ ಏರ್ ಕ್ಲೀನರ್ ನೋಡಿದ್ರೆ ಅದರ ಬಟ್ಟಲಲ್ಲಿ ಧೂಳು ಹಿಡಿಯೋ ಆಯಿಲ್ ಕೆಸರಾಗಿತ್ತು, ಡೀಸೆಲಲ್ಲಿ ತೊಳೆದು ಹೊಸ ಆಯಿಲ್ ಗುರುತಿನ ತನಕ ಮಾತ್ರ ಹಾಕಿದೆ. ಈಗ ದಿನಪೂರ್ತಿ ಓಡಿಸಿದ್ರೂ ಮುಳ್ಳು ಹಸಿರು ದಾಟಲ್ಲ, ಹೊಗೆನೂ ತಿಳಿಯಾಗಿದೆ. ಒಕ್ಕಣೆ ಟೈಮಲ್ಲಿ ರೇಡಿಯೇಟರ್ ದಿನಾ ಕ್ಲೀನ್ ಮಾಡ್ಲೇಬೇಕು, ಬಾಕಿ ದಿನ ವಾರಕ್ಕೊಮ್ಮೆ ಸಾಕು, ಆಯಿಲ್ ಬಟ್ಟಲು ಮಾತ್ರ 8-10 ತಾಸು ಓಡಿದ ಮೇಲೆ ಯಾವಾಗ್ಲೂ ಬಿಚ್ಚಿ ನೋಡಿ.