ಅಂಡಾಶಯದ ಗೆಡ್ಡೆಗಳನ್ನು ಸೂಕ್ಷ್ಮದರ್ಶಕದಡಿ ಗುರುತಿಸುವ ಕ್ರಮ

ಅಂಡಾಶಯದಲ್ಲಿ ಕಾಣಿಸಿಕೊಳ್ಳುವಷ್ಟು ಬಗೆಯ ಗೆಡ್ಡೆಗಳು ದೇಹದ ಬೇರೆ ಅಂಗಗಳಲ್ಲಿ ಸಿಗುವುದು ಅಪರೂಪ. ಎಪಿಥೀಲಿಯಂ (ಹೊದಿಕೆಯ ಕೋಶಪದರ) ಜಾತಿಯವು, ಜರ್ಮ್ ಕೋಶಗಳಿಂದ (ಅಂಡಾಣುವಿನ ಮೂಲಕೋಶಗಳು) ಹುಟ್ಟಿದವು, ಸೆಕ್ಸ್ ಕಾರ್ಡ್ (ಅಂಡಾಣುವನ್ನು ಸುತ್ತುವರಿಯುವ ಕೋಶಗಳು) ಮತ್ತು ಸ್ಟ್ರೋಮಾ (ಆಧಾರ ಅಂಗಾಂಶ) ಕೋಶಗಳಿಂದ ಹುಟ್ಟಿದವು ಎಂದು ಮೂರು ದೊಡ್ಡ ಕುಟುಂಬಗಳಿವೆ; ಇವುಗಳ ಜೊತೆಗೆ ಜಠರ, ಕರುಳು, ಸ್ತನ ಮುಂತಾದ ಕಡೆಗಳಿಂದ ಹರಡಿ ಬಂದು ಇಲ್ಲಿ ನೆಲೆಯೂರುವ ಗೆಡ್ಡೆಗಳೂ ಇವೆ. ಸ್ಲೈಡ್ ಓದಲು ಕಲಿಯುತ್ತಿರುವವರು ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡುವುದಕ್ಕಿಂತ, ಪ್ರತಿಯೊಂದು ಹೆಸರಿನ ಜೊತೆಗೂ ಅದನ್ನು ಹೋಲುವ ಇನ್ನೊಂದು ಗೆಡ್ಡೆಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲಿ ತಪ್ಪುಗಳು ಹೆಚ್ಚಾಗಿ ಆಗುವುದು ಅಪರೂಪದ ಗೆಡ್ಡೆ ಗೊತ್ತಿಲ್ಲದಿರುವುದರಿಂದಲ್ಲ, ಪರಿಚಿತ ಗೆಡ್ಡೆಯಂತೆ ಕಂಡದ್ದನ್ನು ಎರಡನೆಯ ಬಾರಿ ಪ್ರಶ್ನಿಸದಿರುವುದರಿಂದ.

ಸ್ಲೈಡನ್ನು ಸೂಕ್ಷ್ಮದರ್ಶಕದ ಮೇಲಿಡುವ ಮೊದಲೇ ಕೆಲವು ವಿಷಯಗಳು ತಿಳಿದಿರಬೇಕು: ರೋಗಿಯ ವಯಸ್ಸು, ಗೆಡ್ಡೆ ಒಂದೇ ಬದಿಯಲ್ಲಿದೆಯೋ ಎರಡೂ ಬದಿಯಲ್ಲಿದೆಯೋ, ಅದರ ಗಾತ್ರವೆಷ್ಟು, ಕತ್ತರಿಸಿದಾಗ ಒಳಗೆ ದ್ರವವಿತ್ತೋ ಗಟ್ಟಿಯಾಗಿತ್ತೋ, ರಕ್ತಪರೀಕ್ಷೆಯಲ್ಲಿ ಯಾವ ಅಂಶ ಏರಿತ್ತು. ಹದಿಹರೆಯದ ಹುಡುಗಿಯ ಗಟ್ಟಿ ಗೆಡ್ಡೆಯೆಂದರೆ ಮೊದಲು ಜರ್ಮ್ ಕೋಶಗಳ ಕುಟುಂಬವೇ ಮನಸ್ಸಿಗೆ ಬರಬೇಕು. ಋತುಬಂಧ ದಾಟಿದವರಲ್ಲಿ ಎಪಿಥೀಲಿಯಂ ಗೆಡ್ಡೆಗಳೇ ಹೆಚ್ಚು. ಆಲ್ಫಾ ಫೀಟೋಪ್ರೋಟೀನ್ ಎಂಬ ಪ್ರೋಟೀನು ಬಹಳ ಏರಿದ್ದರೆ ಜರ್ಮ್ ಕೋಶಗಳ ಕುಟುಂಬದ ಯೋಕ್ ಸ್ಯಾಕ್ ಗೆಡ್ಡೆಯನ್ನೂ, ಎಲ್‌ಡಿಎಚ್ ಎಂಬ ಕಿಣ್ವ ಏರಿದ್ದರೆ ಅದೇ ಕುಟುಂಬದ ಡಿಸ್‌ಜರ್ಮಿನೋಮಾವನ್ನೂ, ಇನ್ಹಿಬಿನ್ ಎಂಬ ಹಾರ್ಮೋನ್ ಏರಿದ್ದರೆ ಸೆಕ್ಸ್ ಕಾರ್ಡ್ ಕುಟುಂಬದ ಗ್ರಾನ್ಯುಲೋಸಾ ಕೋಶದ ಗೆಡ್ಡೆಯನ್ನೂ ಹುಡುಕಬೇಕಾಗುತ್ತದೆ. ಸಿಎ 125 ಎಂಬ ಪ್ರೋಟೀನು ಮಾತ್ರ, ಗರ್ಭಕೋಶದ ಒಳಪದರದಂತಹ ಅಂಗಾಂಶ ಅದರ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್‌ನಂತಹ ನಿರಪಾಯ ಸ್ಥಿತಿಗಳಲ್ಲೂ ಏರುವುದರಿಂದ ಅದನ್ನೊಂದನ್ನೇ ನಂಬಿ ಕೂರಬಾರದು.

ಮಾದರಿ ತೆಗೆಯುವ ಹಂತವನ್ನು ಬೇಸರದ ಕೆಲಸವೆಂದು ಹಗುರವಾಗಿ ಕಾಣುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ರೋಗನಿರ್ಣಯದ ಅರ್ಧ ಭಾಗ ಅಲ್ಲೇ ಮುಗಿದಿರುತ್ತದೆ. ಗೆಡ್ಡೆಯ ಅತಿ ದೊಡ್ಡ ಅಳತೆಯ ಪ್ರತಿ ಸೆಂಟಿಮೀಟರಿಗೆ ಕನಿಷ್ಠ ಒಂದು ತುಣುಕು ತೆಗೆಯುವುದು ರೂಢಿ. 10 ಸೆಂಟಿಮೀಟರಿಗಿಂತ ದೊಡ್ಡದಾದ ಮ್ಯೂಸಿನಸ್ (ಲೋಳೆ ಸ್ರವಿಸುವ) ಗೆಡ್ಡೆಯಾದರೆ ಪ್ರತಿ ಸೆಂಟಿಮೀಟರಿಗೆ ಎರಡು ತುಣುಕು ತೆಗೆಯುವುದು ಲೇಸು, ಏಕೆಂದರೆ ಒಂದೇ ಗೆಡ್ಡೆಯ ಒಂದು ಮೂಲೆ ನಿರಪಾಯವಾಗಿ, ಇನ್ನೊಂದು ಬಾರ್ಡರ್‌ಲೈನ್ (ನಿರಪಾಯಕ್ಕೂ ಕ್ಯಾನ್ಸರಿಗೂ ನಡುವಿನದು) ಆಗಿ, ಮತ್ತೊಂದು ಕ್ಯಾನ್ಸರ್ ಆಗಿ ಇರುವುದು ಈ ಬಗೆಯಲ್ಲಿ ಸಾಮಾನ್ಯ. ಗಟ್ಟಿಯಾದ, ಒರಟಾದ, ರಕ್ತಸ್ರಾವವಾದ ಜಾಗಗಳನ್ನು ಬಿಡಬಾರದು. ಫ್ಯಾಲೋಪಿಯನ್ ನಳಿಕೆ ಜೊತೆಗಿದ್ದರೆ ಅದರ ತುದಿಯ ಝಾಲರಿಯಂತಹ ಭಾಗವನ್ನು ಉದ್ದುದ್ದಕ್ಕೆ ಕತ್ತರಿಸಿ ಪೂರ್ತಿಯಾಗಿ ಪರೀಕ್ಷೆಗೆ ಹಾಕಬೇಕು. ಹೈ ಗ್ರೇಡ್ (ಉಗ್ರ ಬಗೆಯ) ಸೀರಸ್ ಕಾರ್ಸಿನೋಮಾದ (ಎಪಿಥೀಲಿಯಂನ ಒಂದು ಕ್ಯಾನ್ಸರ್) ಮೂಲ ಅನೇಕ ಸಲ ಅಲ್ಲಿರುತ್ತದೆ.

ಇನ್ನು ನೋಡುವ ಕ್ರಮ. 4 ಪಟ್ಟು ಹಿಗ್ಗಿಸುವ ಆಬ್ಜೆಕ್ಟಿವ್ ಮಸೂರದಲ್ಲಿ ಇಡೀ ಸ್ಲೈಡನ್ನು ಒಮ್ಮೆ ಸುತ್ತಿ ಬರಬೇಕು. ಕೋಶಗಳು ಪ್ಯಾಪಿಲ್ಲಾಗಳಾಗಿ (ಬೆರಳಿನಂತಹ ಚಾಚುಗಳು) ಎದ್ದಿವೆಯೇ, ಗ್ರಂಥಿಗಳಾಗಿ ಸುತ್ತಿಕೊಂಡಿವೆಯೇ, ಗುಂಪುಗುಂಪಾಗಿ ಕೂತಿವೆಯೇ, ಹಾಳೆಯಂತೆ ಹರಡಿವೆಯೇ, ಅವುಗಳ ನಡುವಿನ ಸ್ಟ್ರೋಮಾ ಹೇಗಿದೆ ಎಂಬುದಿಷ್ಟೇ ಈ ಹಂತದ ಪ್ರಶ್ನೆ. ಕೋಶಕೇಂದ್ರದ ವಿವರಕ್ಕೆ ಆತುರಪಟ್ಟು 40 ಪಟ್ಟಿಗೆ ಜಿಗಿದರೆ ಒಟ್ಟು ರಚನೆ ಕೈತಪ್ಪುತ್ತದೆ. ಹತ್ತಿರದಿಂದ ನೋಡಿದಾಗ ಹಲವು ಬೇರೆ ಬೇರೆ ಗೆಡ್ಡೆಗಳ ಕೋಶಗಳು ಒಂದೇ ತೆರನಾಗಿ ಕಾಣುತ್ತವೆ.

ಸೀರಸ್ ಗೆಡ್ಡೆಗಳ ಒಳಪದರ ಫ್ಯಾಲೋಪಿಯನ್ ನಳಿಕೆಯ ಒಳಪದರವನ್ನು ಹೋಲುತ್ತದೆ. ನಿರಪಾಯವಾದ ಸಿಸ್ಟಡಿನೋಮಾದಲ್ಲಿ (ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ) ಒಂದೇ ಸಾಲಿನ ಕೋಶಗಳಿದ್ದು, ಕೆಲವುಗಳ ತುದಿಯಲ್ಲಿ ಸೀಲಿಯಾ (ಕೂದಲಿನಂತಹ ಸೂಕ್ಷ್ಮ ಎಳೆಗಳು) ಕಾಣುತ್ತದೆ. ಬಾರ್ಡರ್‌ಲೈನ್ ಗೆಡ್ಡೆಯಲ್ಲಿ ದಪ್ಪ ಪ್ಯಾಪಿಲ್ಲಾಗಳು ಕವಲೊಡೆದು ಸಣ್ಣವಾಗುತ್ತಾ ಹೋಗುತ್ತವೆ, ಕೋಶಗಳು ಹಲವು ಪದರವಾಗಿ ಎದ್ದು, ತುದಿಯಲ್ಲಿ ಸಣ್ಣ ಗೊಂಚಲುಗಳಾಗಿ ಕಳಚಿ ಸಿಸ್ಟಿನ ಒಳಗೆ ತೇಲುತ್ತವೆ. ಈ ಬದಲಾವಣೆ ಎಪಿಥೀಲಿಯಂನ ಕನಿಷ್ಠ ಶೇಕಡಾ 10ರಷ್ಟಾದರೂ ಇರಬೇಕು. ಸ್ಟ್ರೋಮಾದೊಳಕ್ಕೆ ನುಗ್ಗಿದ ಕೋಶಗಳಿದ್ದರೂ ಅಂತಹ ಜಾಗ 5 ಮಿಲಿಮೀಟರಿಗಿಂತ ಚಿಕ್ಕದಾಗಿದ್ದರೆ ಅದನ್ನು ಸೂಕ್ಷ್ಮ ನುಗ್ಗುವಿಕೆ ಎಂದು ಬರೆಯಲಾಗುತ್ತದೆ. ಪದರಪದರವಾಗಿ ಕ್ಯಾಲ್ಸಿಯಂ ಕಟ್ಟಿದ, ನೇರಳೆ ಬಣ್ಣದ ಗುಂಡನೆಯ ಸಮೋಮಾ ಬಾಡಿಗಳನ್ನು ಕಂಡ ಕೂಡಲೇ ಕ್ಯಾನ್ಸರ್ ಎಂದು ಬರೆಯುವುದು ಸಲ್ಲದು. ಅವು ನಿರಪಾಯ ಗೆಡ್ಡೆಯಲ್ಲೂ ಬಾರ್ಡರ್‌ಲೈನ್ ಗೆಡ್ಡೆಯಲ್ಲೂ ಇರುತ್ತವೆ.

ಸೀರಸ್ ಕಾರ್ಸಿನೋಮಾದಲ್ಲಿ ಲೋ ಗ್ರೇಡ್ ಮತ್ತು ಹೈ ಗ್ರೇಡ್ ಎಂಬುವು ಒಂದೇ ರೋಗದ ಎರಡು ಮೆಟ್ಟಿಲುಗಳಲ್ಲ, ಎರಡು ಬೇರೆ ರೋಗಗಳು. ಲೋ ಗ್ರೇಡ್ ಬಗೆಯಲ್ಲಿ ಸಣ್ಣ ಪ್ಯಾಪಿಲ್ಲಾಗಳು ಮತ್ತು ಕೋಶಗಳ ಪುಟ್ಟ ಗುಂಪುಗಳು ಸ್ಟ್ರೋಮಾದೊಳಗೆ ಖಾಲಿ ಜಾಗಗಳ ನಡುವೆ ಕೂತಿರುತ್ತವೆ, ಕೋಶಕೇಂದ್ರಗಳು ಹೆಚ್ಚುಕಡಿಮೆ ಒಂದೇ ಗಾತ್ರದವಾಗಿರುತ್ತವೆ, ಮತ್ತು 10 ಹೈ ಪವರ್ ಕ್ಷೇತ್ರಗಳಲ್ಲಿ (40 ಪಟ್ಟಿನ ಮಸೂರದಲ್ಲಿ ಒಮ್ಮೆಗೆ ಕಾಣುವ ವೃತ್ತಗಳು) ವಿಭಜನೆಯಾಗುತ್ತಿರುವ ಕೋಶಗಳು 12ನ್ನು ಮೀರುವುದಿಲ್ಲ. ಹೈ ಗ್ರೇಡ್ ಬಗೆಯಲ್ಲಿ ಒಂದು ಕೋಶಕೇಂದ್ರ ಪಕ್ಕದ್ದರ ಮೂರು ಪಟ್ಟಿಗಿಂತ ದೊಡ್ಡದಾಗಿರಬಹುದು, ವಿಭಜನೆಗಳು 12ಕ್ಕಿಂತ ಹೆಚ್ಚಿದ್ದು ವಿಕಾರವಾಗಿರುತ್ತವೆ, ಪ್ಯಾಪಿಲ್ಲಾಗಳ ನಡುವೆ ಸೀಳಿನಂತಹ ಕಿರಿದಾದ ಜಾಗಗಳು ಉಳಿದಿರುತ್ತವೆ. ಅಂಡಾಶಯದ ಕಾರ್ಸಿನೋಮಾಗಳಲ್ಲಿ ಬಹುಪಾಲು ಇದೇ. ಇದರ ಕೋಶಗಳು ಕೆಲವೊಮ್ಮೆ ಗಟ್ಟಿ ಹಾಳೆಯಂತೆಯೋ ಗ್ರಂಥಿಯಂತೆಯೋ ಬೆಳೆದು ಎಂಡೋಮೆಟ್ರಿಯಾಯ್ಡ್ (ಗರ್ಭಕೋಶದ ಒಳಪದರವನ್ನು ಹೋಲುವ) ಗೆಡ್ಡೆಯ ವೇಷ ಧರಿಸುತ್ತವೆ. ಬಿಆರ್‌ಸಿಎ ಎಂಬ ಜೀನಿನ (ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಅಪಾಯ ಹೆಚ್ಚು) ದೋಷವಿರುವವರಲ್ಲಿ ಈ ರೂಪ ಹೆಚ್ಚಾಗಿ ಕಂಡುಬರುತ್ತದೆ.

ಕೋಶದಲ್ಲಿರುವ ಒಂದು ನಿರ್ದಿಷ್ಟ ಪ್ರೋಟೀನನ್ನು ಆಂಟಿಬಾಡಿಯಿಂದ ಹಿಡಿದು ಕಂದು ಬಣ್ಣ ಬರಿಸುವ ಪರೀಕ್ಷೆಗಳಿವೆ; ಪಿ53, ಮುಂದೆ ಬರುವ ಡಬ್ಲ್ಯುಟಿ1, ಸಿಕೆ7 ಮುಂತಾದವು ಅಂತಹ ಪ್ರೋಟೀನುಗಳ ಹೆಸರುಗಳು. ಇಲ್ಲಿ ಕ್ಯಾನ್ಸರ್ ತಡೆಯುವ ಪ್ರೋಟೀನಾದ ಪಿ53ರ ಬಣ್ಣವನ್ನು ಓದುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಬಹುತೇಕ ಎಲ್ಲ ಕೋಶಕೇಂದ್ರಗಳೂ ಕಡುಕಂದಾಗಿದ್ದರೆ ಜೀನ್ ಕೆಟ್ಟಿದೆಯೆಂಬುದು ಎಲ್ಲರಿಗೂ ಹೊಳೆಯುತ್ತದೆ. ಒಂದೂ ಕೋಶ ಬಣ್ಣ ಹಿಡಿಯದಿದ್ದಾಗಲೂ ಅರ್ಥ ಅದೇ ಆಗಬಹುದು, ಆದರೆ ಹಾಗೆ ಹೇಳುವ ಮೊದಲು ಅದೇ ಸ್ಲೈಡಿನ ಸ್ಟ್ರೋಮಾ ಕೋಶಗಳಲ್ಲೋ ಲಿಂಫೋಸೈಟ್‌ಗಳಲ್ಲೋ ಅಲ್ಲಲ್ಲಿ ತೆಳುವಾದ ಕಂದು ಬಣ್ಣ ಇರುವುದನ್ನು ಖಚಿತಪಡಿಸಿಕೊಳ್ಳಬೇಕು. ಅದೂ ಇಲ್ಲದಿದ್ದರೆ ಬಣ್ಣ ಹಾಕುವುದರಲ್ಲೇ ಲೋಪವಾಗಿದೆ ಎಂದು ತಿಳಿದು ಪರೀಕ್ಷೆಯನ್ನು ಮತ್ತೆ ಮಾಡಿಸಬೇಕು. ಕೆಲವು ಕೋಶಗಳು ಗಾಢವಾಗಿ, ಕೆಲವು ತೆಳುವಾಗಿ, ಕೆಲವು ಬಣ್ಣವೇ ಇಲ್ಲದೆ ಬೆರೆತಿದ್ದರೆ ಅದು ಸಹಜ ಪಿ53. ಹೈ ಗ್ರೇಡ್ ಸೀರಸ್ ಕಾರ್ಸಿನೋಮಾದಲ್ಲಿ ಡಬ್ಲ್ಯುಟಿ1 ಮತ್ತು ಪ್ಯಾಕ್ಸ್8 ಸಹ ಸಾಮಾನ್ಯವಾಗಿ ಬಣ್ಣ ಹಿಡಿಯುತ್ತವೆ.

ಮ್ಯೂಸಿನಸ್ ಗೆಡ್ಡೆಗಳಲ್ಲಿ ಕೋಶಗಳು ಎತ್ತರವಾಗಿದ್ದು, ಸೈಟೋಪ್ಲಾಸಂ ಲೋಳೆಯಿಂದ ತುಂಬಿ ಕೋಶಕೇಂದ್ರ ತಳಕ್ಕೆ ಸರಿದಿರುತ್ತದೆ; ನಡುವೆ ಗಾಬ್ಲೆಟ್ ಕೋಶಗಳೂ ಇರಬಹುದು. ಬಾರ್ಡರ್‌ಲೈನ್ ಹಂತ ದಾಟಿ ಕಾರ್ಸಿನೋಮಾ ಆದಾಗ ಅದು ಎರಡು ರೀತಿಯಲ್ಲಿ ಕಾಣುತ್ತದೆ: ಸ್ಟ್ರೋಮಾಕ್ಕೆ ಜಾಗವೇ ಇಲ್ಲದಂತೆ ಗ್ರಂಥಿಗಳು ಬೆನ್ನಿಗೆ ಬೆನ್ನು ಹಚ್ಚಿ 5 ಮಿಲಿಮೀಟರಿಗಿಂತ ಹೆಚ್ಚು ಹರಡುವುದು ಒಂದು, ಸ್ಟ್ರೋಮಾದೊಳಗೆ ಚೂಪಾದ ಗ್ರಂಥಿಗಳೂ ಒಂಟಿ ಕೋಶಗಳೂ ಅಡ್ಡಾದಿಡ್ಡಿ ನುಗ್ಗುವುದು ಇನ್ನೊಂದು. ಎರಡನೆಯದು ಕಂಡೊಡನೆ ಪೆನ್ನು ಕೆಳಗಿಡಬೇಕು. ಅಂಡಾಶಯದಲ್ಲೇ ಹುಟ್ಟಿದ ಮ್ಯೂಸಿನಸ್ ಕಾರ್ಸಿನೋಮಾ ನಿಜಕ್ಕೂ ವಿರಳ. ಇಂತಹ ಚಿತ್ರ ಹೊರಗಿನಿಂದ ಹರಡಿ ಬಂದದ್ದಾಗಿರುವ ಸಾಧ್ಯತೆ ದೊಡ್ಡದು. ಎರಡೂ ಬದಿಯಲ್ಲಿರುವುದು, ಗಾತ್ರ 10 ಸೆಂಟಿಮೀಟರಿಗಿಂತ ಕಡಿಮೆಯಿರುವುದು, ಅಂಗದ ಹೊರಮೈ ಮೇಲೆ ಗೆಡ್ಡೆ ಕೂತಿರುವುದು, ಬಿಡಿಬಿಡಿ ಗಂಟುಗಳಾಗಿ ಬೆಳೆದಿರುವುದು, ರಕ್ತನಾಳದೊಳಗೆ ಕೋಶಗಳಿರುವುದು, ಇವೆಲ್ಲ ಹೊರಗಿನ ಮೂಲವನ್ನು ಸೂಚಿಸುತ್ತವೆ. ಗಾತ್ರದ ನಿಯಮವನ್ನು ಮಾತ್ರ ಕಣ್ಣುಮುಚ್ಚಿ ಅನುಸರಿಸಬಾರದು, ಏಕೆಂದರೆ ದೊಡ್ಡ ಕರುಳಿನಿಂದ ಬಂದ ಗೆಡ್ಡೆ ಒಂದೇ ಬದಿಯಲ್ಲಿ ಬೃಹತ್ತಾಗಿಯೂ ಬೆಳೆಯಬಲ್ಲದು. ಅದರಲ್ಲಿ ಗ್ರಂಥಿಗಳ ನಡುವೆ ಸತ್ತ ಕೋಶಗಳ ಚೂರುಗಳು ರಾಶಿಬಿದ್ದು, ಸುತ್ತಲೂ ಗ್ರಂಥಿಗಳು ಹಾರದಂತೆ ಜೋಡಿಸಿಕೊಂಡಿರುತ್ತವೆ. ಸಿಕೆ20, ಸಿಡಿಎಕ್ಸ್2, ಎಸ್‌ಎಟಿಬಿ2 ಬಣ್ಣ ಹಿಡಿದು ಸಿಕೆ7 ಹಿಡಿಯದಿರುವುದು ವಾಡಿಕೆ. ಹೊಟ್ಟೆಯ ತುಂಬ ಲೋಳೆ ತುಂಬಿದ್ದರೆ ಅಂಡಾಶಯವನ್ನು ಬಿಟ್ಟು ಮೊದಲು ಅಪೆಂಡಿಕ್ಸ್ ಕಡೆ ನೋಡಬೇಕು. ಹೊರಗಿನಿಂದ ಹರಡಿ ಬಂದ ಕ್ರೂಕೆನ್‌ಬರ್ಗ್ ಗೆಡ್ಡೆಯಲ್ಲಿ ಕೋಶದ ಒಳಗಿನ ಲೋಳೆ ಕೋಶಕೇಂದ್ರವನ್ನು ಒಂದು ಅಂಚಿಗೆ ಒತ್ತಿ ಮುದ್ರೆಯುಂಗುರದ ಆಕಾರ ಕೊಟ್ಟಿರುತ್ತದೆ. ಅಂತಹ ಕೋಶಗಳು ದಟ್ಟ ಸ್ಟ್ರೋಮಾದಲ್ಲಿ ಅಡಗಿ ಫೈಬ್ರೋಮಾದಂತೆ (ನಿರಪಾಯದ ನಾರುಗೆಡ್ಡೆ) ಕಾಣುವುದುಂಟು, ಲೋಳೆಗೆ ಹಿಡಿಯುವ ಪಿಎಎಸ್ ಬಣ್ಣ ಹಾಕಿದಾಗ ಅವು ಎದ್ದು ಕಾಣುತ್ತವೆ. ಇದರ ಮೂಲ ಬಹಳ ಸಲ ಜಠರ.

ಎಂಡೋಮೆಟ್ರಿಯಾಯ್ಡ್ ಕಾರ್ಸಿನೋಮಾ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಪಡಿಯಚ್ಚು. ನಯವಾದ ಅಂಚಿನ ಕೊಳವೆಯಾಕಾರದ ಗ್ರಂಥಿಗಳು, ನಡುನಡುವೆ ಸ್ಕ್ವೇಮಸ್ (ಚಪ್ಪಟೆ) ಕೋಶಗಳ ಗುಂಪುಗಳು, ಪಕ್ಕದಲ್ಲೇ ಎಂಡೋಮೆಟ್ರಿಯೋಸಿಸ್ ಸಿಕ್ಕರೆ ಗುರುತಿಸುವುದು ಸುಲಭ. ಈಸ್ಟ್ರೋಜನ್ ರಿಸೆಪ್ಟರ್ ಬಣ್ಣ ಹಿಡಿಯುತ್ತದೆ, ಡಬ್ಲ್ಯುಟಿ1 ಸಾಮಾನ್ಯವಾಗಿ ಹಿಡಿಯುವುದಿಲ್ಲ. ಕ್ಲಿಯರ್ ಸೆಲ್ (ತಿಳಿ ಕೋಶದ) ಕಾರ್ಸಿನೋಮಾವೂ ಅನೇಕ ಸಲ ಎಂಡೋಮೆಟ್ರಿಯೋಸಿಸ್ ಜೊತೆಗೇ ಬರುತ್ತದೆ. ಹೆಸರು ನೋಡಿ ತಿಳಿಯಾದ ಸೈಟೋಪ್ಲಾಸಂ ಒಂದನ್ನೇ ಹುಡುಕುವುದು ಹೊಸಬರ ಅಭ್ಯಾಸ. ಅದಕ್ಕಿಂತ ನಂಬಬಹುದಾದ ಗುರುತೆಂದರೆ ಪ್ಯಾಪಿಲ್ಲಾ, ಕೊಳವೆ, ಗಟ್ಟಿ ಹಾಳೆ ಎಂಬ ಮೂರು ವಿನ್ಯಾಸಗಳು ಒಂದೇ ಗೆಡ್ಡೆಯಲ್ಲಿ ಬೆರೆತಿರುವುದು, ಪ್ಯಾಪಿಲ್ಲಾಗಳ ತಿರುಳು ಗುಲಾಬಿ ಬಣ್ಣದ ಹಯಲಿನ್ (ಗಾಜಿನಂತೆ ನಯವಾಗಿ ಕಾಣುವ ವಸ್ತು) ಆಗಿರುವುದು, ಮತ್ತು ಕೋಶಕೇಂದ್ರಗಳು ಸಿಸ್ಟಿನ ಒಳಕ್ಕೆ ಗುಬುಟಿನಂತೆ ಚಾಚಿಕೊಂಡಿರುವುದು. ಕೋಶಕೇಂದ್ರಗಳು ವಿಕಾರವಾಗಿದ್ದರೂ ವಿಭಜನೆಗಳು ಕಡಿಮೆಯೇ. ನ್ಯಾಪ್ಸಿನ್ ಎ ಇಲ್ಲಿ ನೆರವಿಗೆ ಬರುತ್ತದೆ.

ಬ್ರೆನ್ನರ್ ಗೆಡ್ಡೆಯನ್ನು ಒಮ್ಮೆ ಕಂಡವರು ಮರೆಯುವುದಿಲ್ಲ. ನಾರಿನ ಸ್ಟ್ರೋಮಾದಲ್ಲಿ ಮೂತ್ರಕೋಶದ ಒಳಪದರವನ್ನು ಹೋಲುವ ಕೋಶಗಳ ದುಂಡು ಗುಂಪುಗಳು, ಅಂಚು ಕೊರೆದಿಟ್ಟಂತೆ ಸ್ಪಷ್ಟವಾಗಿ ಕೂತಿರುತ್ತವೆ. ಕೋಶಕೇಂದ್ರದ ಉದ್ದಕ್ಕೂ ಒಂದು ಗೀರು ಇರುವುದರಿಂದ ಅವು ಕಾಫಿ ಬೀಜದಂತೆ ಕಾಣುತ್ತವೆ.

ಇದೇ ಗೀರು ವಯಸ್ಕರ ಬಗೆಯ ಗ್ರಾನ್ಯುಲೋಸಾ ಕೋಶದ ಗೆಡ್ಡೆಯಲ್ಲೂ ಇರುತ್ತದೆ, ಮತ್ತು ಗೊಂದಲ ಆರಂಭವಾಗುವುದು ಇಲ್ಲಿಯೇ. ಇದರ ಕೋಶಗಳಿಗೆ ಸೈಟೋಪ್ಲಾಸಂ ತೀರ ಕಡಿಮೆ, ಕೋಶಕೇಂದ್ರ ಪೇಲವ. ಅವು ಹಾಳೆಯಾಗಿ, ದಾರಗಳಾಗಿ, ಪಟ್ಟಿಗಳಾಗಿ ಹೇಗೆ ಬೇಕಾದರೂ ಜೋಡಿಸಿಕೊಳ್ಳುತ್ತವೆ. ಕಾಲ್ ಎಕ್ಸ್‌ನರ್ ಬಾಡಿ ಎಂದರೆ ಗುಲಾಬಿ ಬಣ್ಣದ ವಸ್ತುವಿರುವ ಪುಟ್ಟ ಜಾಗದ ಸುತ್ತ ಕೂತ ಕೋಶಗಳ ವೃತ್ತ. ನಿಜವಾದ ಗ್ರಂಥಿಯಲ್ಲಿ ಕೋಶಕೇಂದ್ರಗಳು ಒಳಜಾಗಕ್ಕೆ ಲಂಬವಾಗಿ ಶಿಸ್ತಿನಿಂದ ನಿಂತಿದ್ದರೆ, ಇಲ್ಲಿ ಅವು ದಿಕ್ಕುದೆಸೆಯಿಲ್ಲದೆ ತಿರುಗಿಕೊಂಡಿರುತ್ತವೆ. ಈ ಬಾಡಿಗಳು ಸಿಗದಿದ್ದರೂ ರೋಗನಿರ್ಣಯ ಕೈಬಿಡಬೇಕಿಲ್ಲ. ಇನ್ಹಿಬಿನ್, ಕ್ಯಾಲ್‌ರೆಟಿನಿನ್, ಎಸ್ಎಫ್1 ಬಣ್ಣ ಹಿಡಿದು ಇಎಂಎ ಹಿಡಿಯದಿದ್ದರೆ ಕಾರ್ಸಿನೋಮಾ ದೂರವಾಗುತ್ತದೆ. ನವಿರು ನಾರುಗಳನ್ನು ಕಪ್ಪಾಗಿ ತೋರಿಸುವ ರೆಟಿಕ್ಯುಲಿನ್ ಬಣ್ಣ ಹಳೆಯದಾದರೂ ಈಗಲೂ ಉಪಯುಕ್ತ: ಗ್ರಾನ್ಯುಲೋಸಾ ಗೆಡ್ಡೆಯಲ್ಲಿ ಕಪ್ಪು ನಾರುಗಳು ಕೋಶಗಳ ಗುಂಪುಗಳನ್ನು ಸುತ್ತುತ್ತವೆ, ಫೈಬ್ರೋಮಾ ಮತ್ತು ಥೀಕೋಮಾಗಳಲ್ಲಿ (ಸ್ಟ್ರೋಮಾದ ಗೆಡ್ಡೆಗಳು) ಒಂದೊಂದು ಕೋಶವನ್ನೂ ಬಿಡಿಬಿಡಿಯಾಗಿ ಸುತ್ತುತ್ತವೆ. ವಯಸ್ಕರ ಬಗೆಯ ಬಹುತೇಕ ಗೆಡ್ಡೆಗಳಲ್ಲಿ ಫಾಕ್ಸ್‌ಎಲ್2 ಜೀನಿನ ಒಂದೇ ನಿರ್ದಿಷ್ಟ ಬದಲಾವಣೆ ಇರುವುದು 2009ರಲ್ಲಿ ಬೆಳಕಿಗೆ ಬಂದ ಮೇಲೆ ಸಂಶಯದ ಪ್ರಕರಣಗಳಲ್ಲಿ ಆ ಪರೀಕ್ಷೆಯೂ ಲಭ್ಯವಾಗಿದೆ. ಎಳೆಯರ ಬಗೆಯಲ್ಲಿ ಗೀರು ಅಪರೂಪ, ವಿಭಜನೆಗಳು ಹೆಚ್ಚು, ಫಾಲಿಕಲ್‌ನಂತಹ ಕೋಶಕಗಳು (ದ್ರವ ತುಂಬಿದ ಪುಟ್ಟ ಜಾಗಗಳು) ಅಂಕುಡೊಂಕು. ಹದಿಹರೆಯದವರಲ್ಲೋ ಯುವತಿಯರಲ್ಲೋ ಇಂತಹ ಚಿತ್ರ ಕಂಡು ರಕ್ತದಲ್ಲಿ ಕ್ಯಾಲ್ಸಿಯಂ ಏರಿದ್ದರೆ, ಕೋಶಕೇಂದ್ರದಲ್ಲಿ ಬಿಆರ್‌ಜಿ1 ಅಳಿದಿದೆಯೇ ಎಂದು ತಪ್ಪದೆ ನೋಡಬೇಕು, ಏಕೆಂದರೆ ಹೈಪರ್‌ಕ್ಯಾಲ್ಸೀಮಿಕ್ ಬಗೆಯ ಸ್ಮಾಲ್ ಸೆಲ್ ಕಾರ್ಸಿನೋಮಾ ಇದೇ ವೇಷದಲ್ಲಿ ಬರುತ್ತದೆ ಮತ್ತು ಅದು ಅತ್ಯಂತ ಉಗ್ರ.

ಜರ್ಮ್ ಕೋಶಗಳ ಗೆಡ್ಡೆಗಳಲ್ಲಿ ಪ್ರೌಢ ಟೆರಟೋಮಾ (ದೇಹದ ಹಲವು ಅಂಗಾಂಶಗಳು ಬೆರೆತ ಗೆಡ್ಡೆ) ಎಲ್ಲಕ್ಕಿಂತ ಸಾಮಾನ್ಯ. ಚರ್ಮ, ಕೂದಲಿನ ಬುಡ, ಮೃದ್ವಸ್ಥಿ, ಥೈರಾಯ್ಡ್ ಇವನ್ನು ಗುರುತಿಸಲು ಯಾರಿಗೂ ಕಷ್ಟವಾಗದು. ಹುಡುಕಬೇಕಾದದ್ದು ಅಪ್ರೌಢ ನರ ಅಂಗಾಂಶವನ್ನು, ಅದಿದ್ದರೆ ಗೆಡ್ಡೆ ಅಪ್ರೌಢ ಟೆರಟೋಮಾ: ಕಡುನೀಲಿ ಕೋಶಗಳು ಸಣ್ಣ ಕೊಳವೆಗಳಾಗಿಯೋ ರೋಸೆಟ್‌ಗಳಾಗಿಯೋ (ಹೂವಿನಂತಹ ವೃತ್ತಗಳು) ಒತ್ತೊತ್ತಾಗಿ ಕೂತಿರುತ್ತವೆ. ಯಾವುದೇ ಒಂದು ಸ್ಲೈಡಿನಲ್ಲಿ ಅದು ಒಂದು ಲೋ ಪವರ್ (4 ಪಟ್ಟಿನ ಮಸೂರದ) ಕ್ಷೇತ್ರದೊಳಗಿದ್ದರೆ ಗ್ರೇಡ್ 1, ಒಂದರಿಂದ ಮೂರು ಕ್ಷೇತ್ರ ತುಂಬಿದರೆ ಗ್ರೇಡ್ 2, ಅದನ್ನೂ ಮೀರಿದರೆ ಗ್ರೇಡ್ 3. ಡಿಸ್‌ಜರ್ಮಿನೋಮಾದಲ್ಲಿ ತಿಳಿ ಸೈಟೋಪ್ಲಾಸಂನ ದೊಡ್ಡ ಕೋಶಗಳ ಗುಂಪುಗಳನ್ನು ಲಿಂಫೋಸೈಟ್ ತುಂಬಿದ ನಾರಿನ ಪಟ್ಟಿಗಳು ಬೇರ್ಪಡಿಸುತ್ತವೆ, ಕೋಶಕೇಂದ್ರದ ಅಂಚು ಚೌಕವಾಗಿ ಕಂಡು ನ್ಯೂಕ್ಲಿಯೋಲಸ್ ಎದ್ದು ಕಾಣುತ್ತದೆ. ಒಸಿಟಿ4 ಮತ್ತು ಸಿಡಿ117 ಬಣ್ಣ ಹಿಡಿಯುತ್ತವೆ. ಯೋಕ್ ಸ್ಯಾಕ್ ಗೆಡ್ಡೆಯಲ್ಲಿ ಜಾಲದಂತಹ ವಿನ್ಯಾಸವೂ ಗುಲಾಬಿ ಬಣ್ಣದ ಹಯಲಿನ್ ಗೋಲಿಗಳೂ ಸಾಮಾನ್ಯ. ನಡುವೆ ಒಂದು ರಕ್ತನಾಳ, ಅದರ ಸುತ್ತ ಕೋಶಗಳ ಹೊದಿಕೆ, ಹೊರಗೆ ಖಾಲಿ ಜಾಗ ಇರುವ ಶಿಲ್ಲರ್ ಡುವಾಲ್ ಬಾಡಿ ಸಿಕ್ಕರೆ ಅನುಮಾನವೇ ಉಳಿಯದು, ಆದರೆ ಅದು ಎಲ್ಲ ಗೆಡ್ಡೆಗಳಲ್ಲೂ ಸಿಗುವುದಿಲ್ಲ. ತಿಳಿ ಕೋಶಗಳು, ಪ್ಯಾಪಿಲ್ಲಾ, ಹಯಲಿನ್ ಗೋಲಿ ಇವೆಲ್ಲ ಕ್ಲಿಯರ್ ಸೆಲ್ ಕಾರ್ಸಿನೋಮಾದಲ್ಲೂ ಇರುವುದರಿಂದ ಇವೆರಡನ್ನು ಬಿಡಿಸಲು ವಯಸ್ಸು ನೋಡಬೇಕು. ಬಣ್ಣಗಳಲ್ಲಿ ಸಾಲ್4, ಗ್ಲಿಪಿಕಾನ್3 ಹಿಡಿದರೆ ಯೋಕ್ ಸ್ಯಾಕ್ ಕಡೆಗೆ, ಸಿಕೆ7, ಇಎಂಎ ಹಿಡಿದರೆ ಕ್ಲಿಯರ್ ಸೆಲ್ ಕಡೆಗೆ ತಕ್ಕಡಿ ವಾಲುತ್ತದೆ.

ಯಾವ ಬಣ್ಣವನ್ನೂ ಒಂಟಿಯಾಗಿ ಕೇಳಬಾರದು. ಡಬ್ಲ್ಯುಟಿ1 ಸೀರಸ್ ಗೆಡ್ಡೆಯಲ್ಲಿ ಮಾತ್ರವಲ್ಲ, ಗ್ರಾನ್ಯುಲೋಸಾ ಗೆಡ್ಡೆಯಲ್ಲೂ ಹಿಡಿಯುತ್ತದೆ. ಪ್ಯಾಕ್ಸ್8 ಮೂತ್ರಪಿಂಡದ ಮತ್ತು ಥೈರಾಯ್ಡಿನ ಗೆಡ್ಡೆಗಳಲ್ಲೂ ಹಿಡಿಯುತ್ತದೆ. ವಾಡಿಕೆಯ ಎಚ್ ಅಂಡ್ ಇ (ಹೆಮಟಾಕ್ಸಿಲಿನ್, ಇಯೋಸಿನ್) ಬಣ್ಣದ ಸ್ಲೈಡ್ ನೋಡಿ ಎರಡು ಅಥವಾ ಮೂರು ಸಾಧ್ಯತೆಗಳನ್ನು ಬರೆದುಕೊಂಡು, ಅವುಗಳನ್ನು ಪರಸ್ಪರ ಬೇರ್ಪಡಿಸುವ ಬಣ್ಣಗಳನ್ನಷ್ಟೇ ತರಿಸಬೇಕು. ಶಸ್ತ್ರಚಿಕಿತ್ಸೆಯ ನಡುವೆ ಫ್ರೋಜನ್ ಸೆಕ್ಷನ್ (ತುಣುಕನ್ನು ಹೆಪ್ಪುಗಟ್ಟಿಸಿ ಕೂಡಲೇ ನೋಡುವ ಪರೀಕ್ಷೆ) ಕಳಿಸಿದಾಗ, ದೊಡ್ಡ ಮ್ಯೂಸಿನಸ್ ಗೆಡ್ಡೆಯ ಒಂದೆರಡು ತುಣುಕು ನೋಡಿ ಕ್ಯಾನ್ಸರ್ ಇಲ್ಲವೆಂದು ಖಡಾಖಂಡಿತವಾಗಿ ಹೇಳದೆ, ಕನಿಷ್ಠ ಬಾರ್ಡರ್‌ಲೈನ್ ಗೆಡ್ಡೆ, ಅಂತಿಮ ವರದಿ ಪೂರ್ಣ ಪರೀಕ್ಷೆಯ ನಂತರ ಎಂದು ತಿಳಿಸಿ, ಅಪೆಂಡಿಕ್ಸನ್ನೂ ಕರುಳನ್ನೂ ಪರಿಶೀಲಿಸುವಂತೆ ಶಸ್ತ್ರವೈದ್ಯರನ್ನು ಅಲ್ಲಿಯೇ ಕೇಳಿಕೊಳ್ಳಬೇಕು.